ಜೋಡಿ ರಜಾಯಿ

ನೂರ ಮೂವತ್ತೊಂದನೆಯ ಕಂತಿನಲ್ಲಿ
ನಾಯಕನ ನೆನಪು ಮೂರನೆಯ ಸಲ ಅಳಿಸಿಹೋಯಿತು.
ಅಳಿಸಿದವಳು ನಾನೇ.
ವಾರಕ್ಕೆ ನೂರಿಪ್ಪತ್ತು ಪುಟ, ಮಂಗಳವಾರ ಬೆಳಗಾಗುವುದರೊಳಗೆ.
ಅವನು ಆಸ್ಪತ್ರೆಯ ಮಂಚದಲ್ಲಿ ಕಣ್ಣುಬಿಟ್ಟು
"ನಾನು ಯಾರು?" ಅನ್ನಬೇಕು.
ಆ ಎರಡು ಪದ ಟೈಪಿಸಿ ಬೆರಳುಗಳು ನಿಂತವು
ಕಡಿದಾದ ಏರಿನಲ್ಲಿ ಹೇಸರಗತ್ತೆಗಳು ನಿಂತ ಹಾಗೆ.
ಹೊಡೆದರೂ ಇಲ್ಲ,
ಬೆಲ್ಲ ತೋರಿಸಿದರೂ ಇಲ್ಲ.

ನಿರ್ಮಾಪಕ ಓರ್ಹುನ್ ಹೂ ಕಳಿಸಿದ,
ಆಮೇಲೆ ವಕೀಲರ ಪತ್ರ.
ಹೂವಿಗೆ ನೀರು ಹಾಕಿ
ಪತ್ರವನ್ನು ಹೂದಾನಿಯ ಕೆಳಗಿಟ್ಟೆ.
ವೈದ್ಯೆ ಕೇಳಿದಳು: "ಹೇಗನ್ನಿಸುತ್ತದೆ, ಹೇಳಿ."
ಹೇಳಲು ಮಾತು ಉಳಿದಿದ್ದರೆ
ಎಂದೋ ಮಾರಿರುತ್ತಿದ್ದೆ, ಡಾಕ್ಟರೇ.
ನಾಲ್ಕು ವರ್ಷ ಹಾಗೇ ಬದುಕಿದ್ದು:
ಅಮ್ಮನ ಸಾವು ನಲವತ್ತನೆಯ ಕಂತಿಗೆ ಹೋಯಿತು,
ಗಂಡ ಬಾಗಿಲೆಳೆದುಕೊಂಡ ಸದ್ದು ಎಪ್ಪತ್ತೆರಡಕ್ಕೆ.
ಆ ರಾತ್ರಿ ಅಳುವ ಮೊದಲು
ಪೆನ್ನು ಹುಡುಕಿದ್ದೆ.

ಎಲ್ಲರ ಹತ್ತಿರವೂ ಒಂದೊಂದು ಮದ್ದು.
ದಿನಚರಿ ಬರಿ, ಅಂದ ತಮ್ಮ,
ಮುಳುಗಿದವಳಿಗೆ ನೀರು ಕುಡಿಸುವವನಂತೆ.
ಸಮುದ್ರ ನೋಡಿಕೊಂಡು ಬಾ, ಅಂದಳು ಪಕ್ಕದಮನೆಯ ಬೆಲ್ಕಿಸ್.
ಉಸ್ಕುದಾರದಲ್ಲಿ ಕಸ ಚೆಲ್ಲಲು ಹೋದರೂ ಸಮುದ್ರ ಕಾಣುತ್ತದೆ.

ಅಮ್ಮನ ರಜಾಯಿ ಗಂಟುಗಂಟಾಗಿತ್ತೆಂದು
ಇಳಿಜಾರು ಬೀದಿಯ ಹೈರೆತ್ತಿನ್ ಉಸ್ತಾದನ ಅಂಗಡಿಗೆ ಒಯ್ದೆ.
ಹೊಲಿಗೆ ಬಿಚ್ಚಿ, ಒಳಗೆ ಕೈಹಾಕಿ
ಮುದ್ದೆಯೊಂದನ್ನು ಹಿಚುಕಿ ನೋಡಿ ಅಂದ:
"ಉಣ್ಣೆ ಕೆಟ್ಟಿಲ್ಲ, ಮಗಳೇ. ದಣಿದಿದೆ."
ಇದನ್ನೇ ನಾನು ಬರೆದಿದ್ದರೆ
ಹಿನ್ನೆಲೆಯಲ್ಲಿ ಪಿಟೀಲು ಕೊಯ್ಯುತ್ತಿತ್ತು.
ಅವನು ಮೂಗು ಸೀಟಿಕೊಂಡು
"ಗುರುವಾರ ಬಾ" ಅಂದ.

ಗುರುವಾರ ಹೋದೆ. ಶುಕ್ರವಾರವೂ ಹೋದೆ.
ಅಂಗಡಿಯ ಹುಡುಗ ಸೈನ್ಯಕ್ಕೆ ಹೋಗಿದ್ದ,
ನನ್ನೆರಡು ಕೈಯೂ ಖಾಲಿ ಇದ್ದವು.

ತೊಳೆದ ಉಣ್ಣೆ ತಾರಸಿಯ ಮೇಲೆ ಮೂರು ಬಿಸಿಲು ಕಾಣಬೇಕು,
ನಡುವೆ ಯಾರೂ "ಆಯಿತಾ?" ಎಂದು ಕೇಳುವಂತಿಲ್ಲ.
ಆಮೇಲೆ ಕೋಲು. ತೆಳ್ಳಗಿನ, ಬಳುಕುವ ಕೋಲು.
ಜೋರಾಗಿ ಬಡಿದರೆ ಎಳೆ ತುಂಡು,
ಮೆತ್ತಗೆ ಬಡಿದರೆ ಗಂಟು ನಗುತ್ತದೆ.
ಹಿಂಜಿದ್ದು ಹುಬ್ಬಿನ ಮೇಲೆ ಕೂತಿತು,
ಚಹಾದ ಲೋಟದಲ್ಲಿ ತೇಲಿತು.
ರಾತ್ರಿ ಬಿದ್ದಲ್ಲೇ ನಿದ್ದೆ;
ಕನಸಿನಲ್ಲಿ ಯಾರಿಗೂ ಸಂಭಾಷಣೆ ಇಲ್ಲ.

ಇದರಿಂದ ಗುಣವಾಯಿತೆಂದು ತಿಳಿಯಬೇಡಿ.
ದೋಣಿಯಲ್ಲಿ ಇಬ್ಬರು ಹುಡುಗಿಯರು ಮಾತಾಡುತ್ತಿದ್ದರು,
ಹೊಸ ಬರಹಗಾರ ನಾಯಕನಿಗೊಬ್ಬ ಅವಳಿ ತಮ್ಮನನ್ನು ತಂದಿದ್ದಾನಂತೆ.
ಹೊಟ್ಟೆಯಲ್ಲಿ ಕಿಚ್ಚೆದ್ದಿತು.
ಒಲೆ ಪೂರ್ತಿ ಆರಿಲ್ಲವಲ್ಲ ಎಂದು ಕೈ ಕಾಯಿಸಿಕೊಂಡೆ,
ಮತ್ತೆ ವಾರವಿಡೀ ಯಾರ ಮುಖವನ್ನೂ ನೋಡಲಿಲ್ಲ.

ಸೆಪ್ಟೆಂಬರಿನಲ್ಲಿ ಮುಝೆಯ್ಯೆನ್ ಹಾನಂ ಬಂದಳು.
ಟ್ಯಾಕ್ಸಿಯವನ ಹೆಗಲ ಮೇಲೆ ಕೆಂಪು ಸ್ಯಾಟಿನ್ನಿನ ಜೋಡಿ ರಜಾಯಿ,
ಮದುವೆಯದು.
"ಕತ್ತರಿಸಿ ಒಂಟಿ ಮಾಡಿಕೊಡಿ. ಈಗ ಭಾರ."
ಉಸ್ತಾದ ನಡುವಿನ ಗೆರೆಗೆ ಸೀಮೆಸುಣ್ಣ ಹಿಡಿದ.
ಅವಳು ಎಡಗಡೆ ಬೆರಳಿಟ್ಟು ಅಂದಳು:
"ಇದು ಅವರ ಬದಿ. ಇದನ್ನು ಇಡಿ.
ನನ್ನದನ್ನು ಕತ್ತರಿಸಿ."

ಕೈ ತಾನಾಗಿ ಚೀಲಕ್ಕೆ ಹೋಯಿತು,
ಹಳೆಯ ಕಳ್ಳನ ಕೈ ಜನಸಂದಣಿಯಲ್ಲಿ ಹೋಗುವ ಹಾಗೆ.
ಸಮೀಪದ ಶಾಟ್, ನಡುಗುವ ಬೆರಳು, ಜಾಹೀರಾತು.
ಚೀಲದಲ್ಲಿ ಇದ್ದದ್ದು ಅರ್ಧ ಸಿಮಿತ್ ರೊಟ್ಟಿ.
ಮುರಿದು ಅವಳಿಗಿಷ್ಟು ಕೊಟ್ಟೆ.
ಇಬ್ಬರೂ ಎಳ್ಳು ಉದುರಿಸಿಕೊಂಡು ತಿಂದೆವು.

ಅವಳು ಹೋದಮೇಲೆ ಲೆಕ್ಕದ ಪುಸ್ತಕ ತೆಗೆದೆ.
ಹೆಸರು, ಬಣ್ಣ, ತೂಕ, ಕೊಡುವ ದಿನ.
ಕೊನೆಗೆ, ಯಾರೂ ಬರೆಯದ ಷರಾದ ಕಾಲಂನಲ್ಲಿ:
"ಎಡಬದಿ ಉಳಿಸುವುದು."
ಚುಕ್ಕಿ ಇಟ್ಟೆ.
ಹನ್ನೊಂದು ತಿಂಗಳ ಮೇಲೆ ಒಂದು ವಾಕ್ಯ.
ಅದು ಅವಳದೇ; ನಾನು ಬರೀ ಗುಮಾಸ್ತೆ.
ಆದರೂ ಎರಡು ಸಲ ಓದಿಕೊಂಡೆ.

ಉಸ್ತಾದ ಕನ್ನಡಕ ಹಣೆಗೇರಿಸಿ ಬಗ್ಗಿದ.
"ಅಕ್ಷರ ಚೆನ್ನಾಗಿದೆ.
ತೂಕ ಎಲ್ಲಿ?"

ತಕ್ಕಡಿಗೆ ಏರಿಸಿದೆವು.