ಕೂಪನ್ ಇದ್ದ ಜಾಗ

ಶಿವರಾಂಪೇಟೆಯ ಇಬಾದುಲ್ಲಾ ಸಾಬರ ರದ್ದಿ ಅಂಗಡಿಯಲ್ಲಿ
ಗೈಡುಗಳ, ಪಂಚಾಂಗಗಳ, ಯಾರದೋ ಮದುವೆ ಆಲ್ಬಮ್ಮಿನ ಅಡಿಯಿಂದ
ಅದು ಬಂತು.
ಮಿಂಚುಗೈ. ಒಂದನೇ ಸಂಚಿಕೆ. ಬೆಲೆ ಅರವತ್ತು ಪೈಸೆ.
ವೀರನ ನೀಲಿ ಅಂಗಿ ಬಿಳಿಚಿಕೊಂಡಿದೆ,
ಅಂಗೈಯಿಂದ ಹೊರಟ ಹಳದಿ ಮಿಂಚು ಮಾತ್ರ
ನಿನ್ನೆ ಬಳಿದ ಅರಿಸಿನ.

ಇಪ್ಪತ್ತಾರು ವರ್ಷ ಹುಡುಕಿದ್ದೇನೆ.
ಎರಡರಿಂದ ನಲವತ್ತೊಂದರವರೆಗೆ ನನ್ನಲ್ಲಿವೆ,
ನುಸಿಗುಳಿಗೆ, ಪ್ಲಾಸ್ಟಿಕ್ಕು, ಕಬ್ಬಿಣದ ಬೀರು.
ಬೀರುವಿನ ಬೀಗದಕೈ ಹೆಂಡತಿಗೂ ಕೊಟ್ಟಿಲ್ಲ;
ಅವಳು ಕೇಳಿಯೂ ಇಲ್ಲ, ಅದು ಬೇರೆ ಮಾತು.
ಆ ನಲವತ್ತರಲ್ಲೂ ಅವನು ಮುಖ ತೋರಿಸುವುದಿಲ್ಲ.
ತೋರಿಸಿದ್ದು ಮೊದಲನೆಯದರಲ್ಲಿ, ಒಂದೇ ಸಲ.

ಮುಖ ಗಂಟಿಕ್ಕಿದೆ. ಕೊಳ್ಳುವವನ ಕೈ ನಡುಗಬಾರದು.
ಹಾಳೆ ಎಣಿಸಿದೆ, ಪಿನ್ನಿನ ತುಕ್ಕು ಕೆರೆದೆ, ಮೂಸಿದೆ, ತಿರುಗಿಸಿದೆ.
ಹಿಂಬದಿಯ ರಟ್ಟಿನಲ್ಲಿ ಕಿಂಡಿ.
'ಏನ್ ಸಾಬ್ರೆ, ಕೂಪನ್ನೇ ಇಲ್ವಲ್ಲ,
ಕತ್ತರಿಸಿದ ಮಾಲಿಗೆ ಇಷ್ಟು ರೇಟಾ?'
ಅವರು ಕಿಂಡಿಯಲ್ಲಿ ಬೆರಳು ತೂರಿಸಿ ನೋಡಿ
'ಹೌದಲ್ರೀ' ಎಂದು ಆರುನೂರು ಇಳಿಸಿದರು.
ಗೆದ್ದೆ.

ಮನೆಗೆ ಬಂದು ಕನ್ನಡಕ ಬದಲಿಸಿ ನೋಡಿದರೆ
ಕಿಂಡಿ ಚೌಕವಲ್ಲ.
ಎಡಮೂಲೆಯಲ್ಲಿ ಬ್ಲೇಡು ಜಾರಿದೆ, ಬೇಳೆಯಷ್ಟು ಬಾಲ.
ಒಳಗೆ ಮಸಿಯಲ್ಲಿ: ಎಸ್. ಜವರಾಯಿ, ಆರನೇ ಎ, ಮಂಡ್ಯ.
ಕದ್ದವರ ಕೈಗೆ ಹುಳ ಬೀಳಲಿ.

ಕದ್ದಿರಲಿಲ್ಲ ನಾನು. ಅವನೇ ಕೊಟ್ಟಿದ್ದ:
'ಪರೀಕ್ಷೆ ಮುಗಿಯೋಗಂಟ ಮುಟ್ಟಂಗಿಲ್ಲ ಅಂದವ್ರೆ ಅಪ್ಪ,
ಮೊದ್ಲು ನೀನೇ ಓದ್ಲಾ.'
ಓದುವ ಮೊದಲೇ ಕೊಯ್ದೆ.
ಬಚ್ಚಲ ದೀಪ, ಅಪ್ಪನ ಅರ್ಧ ಬ್ಲೇಡು,
ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸನೆ,
ಕೈ ಜಾರಿದ್ದು ರಾತ್ರಿ ಪಾಳಿಯ ಸೈರನ್ನಿಗೆ.
ಕೂಪನ್ ಕಳಿಸಿ, ಮಿಂಚುಗೈಯ ಮುಖವಾಡ ಪಡೆಯಿರಿ.
ಬೆಳಗ್ಗೆ ಅವರ ಮನೆಯ ಗೂಡಿನಲ್ಲಿ ಸದ್ದಿಲ್ಲದೆ ಇಟ್ಟೆ.

ಪರೀಕ್ಷೆ ಮುಗಿದ ಸಂಜೆ ಜವರಾಯಿ ನೋಡಿದ,
ನೋಡಿ ತಂಗಿ ಕೆಂಪಾಜಿಯ ಜಡೆ ಹಿಡಿದ.
ಬೊಂಬೆ ಕತ್ತರಿಸುವವಳು ಆ ಮನೆಯಲ್ಲಿ ಅವಳೊಬ್ಬಳೇ.
'ನಾನಲ್ಲ ಕಣಣ್ಣ, ನಾನಲ್ಲ.'
ಅಷ್ಟರಲ್ಲಿ ಅವರಪ್ಪನ ಕೈ ಕೆನ್ನೆ ಮೇಲೆ.
ಅವರದೇ ಜಗಲಿಯಲ್ಲಿ ಕೂತು ನಾನು ಕಬ್ಬು ಸಿಗಿಯುತ್ತಿದ್ದೆ.
ಚಡ್ಡಿ ಜೇಬಿನಲ್ಲಿ ಇನ್ನೂ ಅಂಚೆಗೆ ಹಾಕದ ಕೂಪನ್ನು
ಬೆವರಿಗೆ ಮೆತ್ತಗಾಗಿತ್ತು.

ಏಳು ವಾರಕ್ಕೆ ಬಂತು ಮುಖವಾಡ: ರಟ್ಟು, ರಬ್ಬರ್ ದಾರ.
ಬೀದಿಯಲ್ಲಿ ಹಾಕುವಂತಿಲ್ಲ.
ಹಂಡೆಯ ಮುಂದೆ ಹಾಕಿಕೊಂಡೆ;
ತಾಮ್ರದಲ್ಲಿ ಸೊಟ್ಟ ವೀರನೊಬ್ಬ ನನ್ನನ್ನೇ ದಿಟ್ಟಿಸಿದ.
ಮೂರನೇ ದಿನ ನೀರೊಲೆಗೆ ಹಾಕಿಬಿಟ್ಟೆ.

ಕೂಪನ್ನಿನ ಬೆನ್ನಿಗಿತ್ತು ಕಡೆಯ ಚಿತ್ರ. ಇವತ್ತು ಗೊತ್ತಾಯಿತು.
'ನಾನು ಯಾರು, ನೋಡಿ' ಎಂಬ ಮಾತಿನ ಗುಳ್ಳೆ ಇದೆ,
ಮುಖವಾಡ ಕಳಚಿದ ಕೈ ಇದೆ,
ಮುಖವಿರಬೇಕಾದಲ್ಲಿ ಕಿಂಡಿ.
ಜವರಾಯಿ ಹೋಗಿ ಒಂಬತ್ತು ವರ್ಷ.
ಯಾರೆಂದು ಗೊತ್ತಾಗದೆಯೇ ಹೋದ.

ಕೆಂಪಾಜಮ್ಮ ಗುತ್ತಲು ರಸ್ತೆಯಲ್ಲಿ ಹೊಲಿಗೆ ಕಲಿಸುತ್ತಾಳಂತೆ.
ಪುಸ್ತಕ ಬೀರು ಸೇರಿಲ್ಲ. ಚೀಲದಲ್ಲಿದೆ, ತೊಡೆಯ ಮೇಲೆ.
ಉಳಿಸಿದ ಆರುನೂರು ಬೇರೆ ಮಡಿಸಿಟ್ಟಿದ್ದೇನೆ,
ಯಾರಿಗೆ ಸಲ್ಲಬೇಕೋ ತಿಳಿಯದೆ.
ಟ್ರೈನು ಯಲಿಯೂರು ದಾಟುವಾಗ
ಇನ್ನೊಮ್ಮೆ ತೆಗೆದು ಬೆಳಕಿಗೆ ಹಿಡಿದೆ.
ಎದುರು ಸೀಟಿನ ಮಗುವೊಂದು
ಕಿಂಡಿಯಲ್ಲಿ ನನ್ನ ಕಣ್ಣು ನೋಡಿ,
ಕೈ ತಟ್ಟಿ ಕೂಗಿತು:
ಕಂಡೆ!