ಕೊಂಡಿ

ಉರ್ದು ಶಾಲೆಯಲ್ಲಿ ಕನ್ನಡ ಕಲಿಸುವವಳು ನಾನು.
ಇಳಕಲ್ಲಿಗೆ ಬಂದು ಹದಿನಾಲ್ಕು ವರ್ಷ.
ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿ
ಯಾರೂ ಒಯ್ಯದ ಟೀಸಿಗಳಿವೆ, ಹತ್ತೊಂಬತ್ತು.
ಏಳನೆಯದು ಪಾಸಾದ ಹೆಸರುಗಳು,
ಎಲ್ಲ ಹುಡುಗಿಯರವು, ಒಂದನ್ನು ಬಿಟ್ಟು.
ಆ ಒಬ್ಬ, ಇಮಾಮಹುಸೇನ,
ಗ್ರಾನೈಟ್ ಪಾಲಿಶಿನ ಶೆಡ್ಡಿನಲ್ಲಿ ಸಿಗುತ್ತಾನೆ, ಕಣ್ಣೆವೆಗೆ ಕೆಂಪು ಪುಡಿ,
"ನಮಸ್ಕಾರ್ರೀ ಟೀಚರ್" ಅನ್ನುತ್ತಾನೆ, ಮಷೀನು ನಿಲ್ಲಿಸದೆ.
ಅವನ ಟೀಸಿಗೆ ಗೆದ್ದಲು ಹತ್ತಿತ್ತು. ಇನ್ನೊಂದು ಬರೆದಿಟ್ಟೆ.
ಯಾಕೆಂದು ಕೇಳಬೇಡಿ.

ಈ ಸಲದ ಸಮೀಕ್ಷೆಯಲ್ಲಿ ನನ್ನ ಪಾಲಿಗೆ ಮೂರು ಓಣಿ.
ಹಾಳೆಯಲ್ಲಿ ಕಾರಣಕ್ಕೊಂದು ಅಂಕಿ:
ವಲಸೆ ಒಂದು, ಮನೆಗೆಲಸ ಎರಡು, ಮದುವೆ ನಾಲ್ಕು,
ಓದಿನಲ್ಲಿ ನಿರಾಸಕ್ತಿ ಆರು.
ನಡುವಿನವು ಏನೆಂದು ಈಗ ನೆನಪಿಗೆ ಬರುತ್ತಿಲ್ಲ.
ಆರು ಬರೆದರೆ ಕೆಲಸ ಬೇಗ ಮುಗಿಯುತ್ತದೆ,
ಇದು ಎಲ್ಲ ಮಾಸ್ತರರಿಗೂ ಗೊತ್ತು.

ಮಾಹೆನೂರಳ ಮನೆಯಲ್ಲಿ ಕುಣಿಮಗ್ಗ.
ಅವಳಪ್ಪ ಸೊಂಟದತನಕ ನೆಲದೊಳಗೆ.
ಪಕ್ಕದಲ್ಲಿ ಹೊಸ ಹಾಸು ಬಿಗಿದು, ತುದಿಗೆ ಕೂತು
ಒಡಲಿನ ಎಳೆಗೆ ಸೆರಗಿನ ಎಳೆ
ಕೊಂಡಿ ಹಾಕುತ್ತಿದ್ದಳು ಅವಳು,
ಬೂದಿ ಹಚ್ಚಿದ ಹೆಬ್ಬೆರಳಲ್ಲಿ,
ಕಪ್ಪಿಗೆ ಕೆಂಪು, ಕಪ್ಪಿಗೆ ಕೆಂಪು,
ಸಾವಿರಾರು ಎಳೆ.
ನನ್ನ ಮುಖ ನೋಡಿದಳು. ಬೆರಳು ನಿಲ್ಲಲಿಲ್ಲ.

ಹೈಸ್ಕೂಲಿಗೆ ಹೋದದ್ದು ಹನ್ನೊಂದು ದಿನ.
ಟೀಸಿ ಆಮೇಲೆ ತಾ ಎಂದು ಸೇರಿಸಿಕೊಂಡಿದ್ದರು.
ಕನ್ನಡದ ಪೀರಿಯಡ್ಡಿಗೆ ಹೆದರಿಕೆ ಇರಲಿಲ್ಲ, ನಾನು ಕಲಿಸಿದ್ದೆ:
ಒತ್ತಕ್ಷರ, ಗಾದೆ, ರಜಾ ಅರ್ಜಿ.
ವಿಜ್ಞಾನವೂ ಕನ್ನಡದಲ್ಲೇ ಬರುತ್ತದೆಂದು
ಅವಳಿಗೆ ಯಾರೂ ಹೇಳಿರಲಿಲ್ಲ.
ನಾನೂ.
ಹನ್ನೊಂದನೆಯ ದಿನ ಬೋರ್ಡಿನ ಮೇಲೆ ದ್ಯುತಿಸಂಶ್ಲೇಷಣೆ.
ಓದು, ಅಂದರಂತೆ ಸರ್.
ಎದ್ದಳು. "ದ್ಯು"ವರೆಗೆ ಬಂದಳು.
ಹಿಂದಿನ ಬೆಂಚು ನಕ್ಕಿತು, ಆಮೇಲೆ ಮುಂದಿನದೂ.

"ಇದನ್ನ ನಿಮ್ಮ ಸಾಲ್ಯಾಗ ಕಲತಿದ್ನಿರಿ ಟೀಚರ್,
ಉರ್ದುದಾಗ. ಜಿಯಾಯಿ ತಾಲೀಫ್.
ಅದನ್ನೂ ಬಾಯಿಪಾಠ ಮಾಡಿದ್ದ ನಾನು. ಅದೂ ನಮ್ಮ ಮನೀ ಮಾತಲ್ರಿ."
ಮತ್ತೆ ಮನೆಯಲ್ಲಿ ಏನಂತೀರಿ, ಅಂದೆ.
ಎಳೆಯನ್ನು ಹಲ್ಲಲ್ಲಿ ಹಿಡಿದು ಒಂದಿಷ್ಟು ಯೋಚಿಸಿ
"ಪತ್ತಾ ಧೂಪ ಖಾತಾ" ಅಂದಳು.
ಎಲೆ ಬಿಸಿಲು ತಿನ್ನುತ್ತದೆ.
ಕುಣಿಯೊಳಗಿಂದ ಅವಳಪ್ಪ ನಕ್ಕ. ನಾನೂ ನಕ್ಕೆ.
ಪರೀಕ್ಷೆಯಲ್ಲಿ ಇದಕ್ಕೆ ಸೊನ್ನೆ ಎಂದು
ಮೂವರಿಗೂ ಗೊತ್ತಿತ್ತು.

ಅಜ್ಜಿ ದಾವಲಬಿ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.
"ಏನ ಬರಕೊಳ್ಳಾಕತ್ತೀರಿ ಬಾಯಾರ?"
ಶಾಲೆ ಬಿಟ್ಟವರ ಲೆಕ್ಕ, ಅಂದೆ.
"ನಮ್ಮ ಹುಡುಗಿ ಎಲ್ಲಿ ಬಿಟ್ಟಾಳ್ರಿ?
ಸಾಲೀನ ಏಳಕ್ಕ ಮುಗದೈತಿ."
ಚಹಾ ಬಂತು. ಕಪ್ಪಿನ ಕಿವಿ ಮುರಿದಿತ್ತು,
ಬಶಿಯಲ್ಲಿ ಸುರಿದು ಕೊಟ್ಟರು.

ಹೊರಡುವ ಮೊದಲು ಕೇಳಿದೆ, ನನಗೂ ತೋರಿಸು.
ನನ್ನ ಬೆರಳಿಗೆ ಬೂದಿ ಹಚ್ಚಿದಳು, ಎರಡೆಳೆ ಕೊಟ್ಟಳು,
ಹರಿದರೆ ಚಿಂತೆಯಿಲ್ಲದಂಥವು.
ತಿರುವಿದೆ. ಬಿಚ್ಚಿತು.
ಮತ್ತೆ. ಬಿಚ್ಚಿತು.
ಅವಳು ನಗಲಿಲ್ಲ.
"ಸಾವಕಾಶ ಬರತೈತ್ರಿ" ಅಂದಳು.
ಸ್ಲೇಟಿನ ಮೇಲೆ ಅ ತಿದ್ದಿಸುವಾಗ
ನಾನು ಅವಳಿಗೆ ಅನ್ನುತ್ತಿದ್ದದ್ದೇ ಅದು. ಅದೇ ದನಿ.

ಹಾಳೆ ಇನ್ನೂ ನನ್ನ ಬ್ಯಾಗಿನಲ್ಲಿದೆ,
ನಾಳೆ ಹತ್ತಕ್ಕೆ ಆಫೀಸಿಗೆ ಮುಟ್ಟಿಸಬೇಕು.
ಹದಿನೇಳು ಹೆಸರಿಗೆ ಅಂಕಿ ಹಾಕಿಯಾಯಿತು.
ಹದಿನೆಂಟನೆಯದರ ಮುಂದೆ, ಕಾರಣದ ಖಾನೆಯಲ್ಲಿ,
ಬೂದಿಯ ಹೆಬ್ಬೆರಳ ಗುರುತು, ನನ್ನದೇ.
ಒರೆಸಿದರೆ ಹರಡುತ್ತಿದೆ.