ಇನ್ನೊಂದು ವಾರ

ಮೂರು ವಾರಕ್ಕೆಂದು ಬಂದವರು.
ಜನವರಿ ಎರಡರ ಉರಿಬಿಸಿಲಲ್ಲಿ ಟ್ಯಾಕ್ಸಿಯಿಂದಿಳಿದರು,
ನಾಲ್ಕು ಜನ, ಏಳು ಪೆಟ್ಟಿಗೆ,
ಕಂಕುಳಲ್ಲಿ ಮಡಚಿದ ಕೋಟುಗಳು,
ಬೇಟೆಯಾಡಿ ತಂದ ಕರಡಿಗಳ ಹಾಗೆ.

ನಾನು ಒಬ್ದೂಲಿಯಾ, ಮನೆಯೊಡತಿ.
ಬೀಗದ ಕೈ ಕೊಟ್ಟೆ, ಗೀಸರಿನ ಗುಟ್ಟು ಹೇಳಿದೆ:
ಎಡಕ್ಕೆ ತಿರುಗಿಸಿ, ಒಮ್ಮೆ ಬಯ್ಯಿರಿ, ಆಮೇಲೆ ಬಿಸಿನೀರು.
ಗೋಡೆಯ ಮೇಲಿದ್ದ ಮದುವೆಯ ಫೋಟೊ ಇಳಿಸಿಕೊಂಡು
ನೀರಿನ ಟ್ಯಾಂಕಿನ ಹಿಂದಿನ ತಗಡಿನ ಕೋಣೆಗೆ
ಮಗ ನಾಬೋರ್, ಸೊಸೆ, ಎರಡು ಕೋಳಿ ಸಮೇತ ಸರಿದೆ.
ಪ್ರತಿ ಚಳಿಗಾಲವೂ ಹೀಗೆಯೇ.
ಬಾಡಿಗೆ, ಕೊಲಿಮಾದಲ್ಲಿ ನರ್ಸಿಂಗ್ ಓದುವ ಮಗಳ ಪಾಲು.

ಅವರ ನಾಡು ಸಾಸ್ಕಾಚುವಾನ್ ಅಂತೆ.
ಹೆಸರೇ ಹಲ್ಲು ಕಟಕಟಿಸಿದ ಹಾಗೆ.

ಗಂಡಸು ಗೆರ್ಹಾರ್ಟ್, ಗೋದಿ ಬೆಳೆಯುವವನು.
ಹೊಲ ಹಿಮದಡಿ ಮಲಗಿದೆ, ಕೈ ಮಾತ್ರ ಮಲಗಲೊಲ್ಲದು:
ಮೊದಲ ವಾರ ಪಂಪು ರಿಪೇರಿ, ಎರಡನೆಯ ವಾರ ಗೇಟಿನ ಕೀಲು,
ಮೂರನೆಯ ವಾರ, ಸರಿಯಿದ್ದ ಫ್ಯಾನು ಬಿಚ್ಚಿ ಕೆಡಿಸಿದ.
ಹೆಂಗಸು ಲೋರ್ನಾ, ಹತ್ತು ದಿನ ಬರೀ ನಿದ್ದೆ,
ಪೆಲಿಕನ್ನುಗಳು ಬಿದ್ದು ಬಿದ್ದು ಮೀನು ಹಿಡಿಯುವುದನ್ನೂ ನೋಡದೆ.
ಹುಡುಗ ಎರಡೇ ದಿನಕ್ಕೆ ನಮ್ಮ ಬೀದಿಯವನಾದ,
ಬರಿಗಾಲು, ಬಾಯ್ತುಂಬ ಇಲ್ಲಿಯ ಬೈಗುಳ.

ಮೂರನೆಯ ಭಾನುವಾರ ಲೋರ್ನಾ ನೋಟು ಎಣಿಸಿಕೊಂಡು ಬಂದಳು:
ಇನ್ನೊಂದು ವಾರ?
ಅಲ್ಲಿ ಮೈನಸ್ ಮೂವತ್ತೆಂಟು, ಅರ್ಧ ಕಿಟಕಿಯವರೆಗೆ ಹಿಮ,
ಪಕ್ಕದ ಮನೆಯಾತ ಫೋಟೊ ಕಳಿಸಿದ್ದಾನೆ.
ಆಗಲಿ ಅಂದೆ.
ಮತ್ತೊಂದು ಭಾನುವಾರ. ಇನ್ನೊಂದು ವಾರ?
ಸೊಸೆ ನನ್ನ ಮುಖ ನೋಡಿದಳು. ನಾನು ನೋಟು ನೋಡಿದೆ.

ಹುಡುಗಿ ಟಿಲ್ಡಾ, ಒಂಬತ್ತು ವರ್ಷ,
ಸಮುದ್ರಕ್ಕೆ ಬೆನ್ನು ಹಾಕಿ ಕೂರುವವಳು.
ನನ್ನ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪಿನ ಶಾಲೆ.
ಪರದೆಯೊಳಗಿನ ಗೆಳತಿಯರು ಬಿಡುವಿನ ಗಂಟೆಗೆ
ಉಣ್ಣೆಟೊಪ್ಪಿಗೆ ಎಳೆದುಕೊಂಡು ಹೊರಗೋಡುವರು;
ಗಂಟೆ ಮತ್ತೆ ಬಾರಿಸುವವರೆಗೆ ಇವಳು
ಖಾಲಿ ಕುರ್ಚಿಗಳನ್ನು ನೋಡುತ್ತ ಕೂತಿರುವಳು.
ಒಂದು ದಿನ, ಕಲಿತಷ್ಟು ನಮ್ಮ ಮಾತಲ್ಲಿ ಕೇಳಿದಳು:
ಚಳಿಗಾಲಕ್ಕೆ ನೀವು ಎಲ್ಲಿಗೆ ಹೋಗುತ್ತೀರಿ?
ಟ್ಯಾಂಕಿನ ಹಿಂದಕ್ಕೆ, ಅಂದೆ.
ನಕ್ಕಳು. ತಮಾಷೆ ಅಂದುಕೊಂಡಿರಬೇಕು.
ಆಮೇಲೆ ನಗು ನಿಲ್ಲಿಸಿ ಟ್ಯಾಂಕಿನ ಕಡೆ ನೋಡಿದಳು.

ಮರುದಿನ ನಸುಕಿಗೆ ಅವಳ ಕೈಹಿಡಿದು
ದೋಣಿಕಟ್ಟೆಯಾಚೆಯ ಐಸ್ ಕಾರ್ಖಾನೆಗೆ ಕರೆದೊಯ್ದೆ.
ನನ್ನ ಗಂಡ ಹತ್ತೊಂಬತ್ತು ವರ್ಷ ದುಡಿದ ಜಾಗ,
ಕೀಲುನೋವು ಬಿಟ್ಟು ಬೇರೇನೂ ಕೊಡದ ಜಾಗ.
ಕಾವಲಿನ ಚೆಮಾ ದಪ್ಪ ಬಾಗಿಲು ಎಳೆದ.
ಒಳಗೆ ಆಳೆತ್ತರದ ಐಸಿನ ದಿಮ್ಮಿಗಳು
ದೋಣಿಗಳಿಗಾಗಿ ಕಾದು ನಿಂತಿದ್ದವು, ಹೊಗೆಯಾಡುತ್ತ.
ಹುಡುಗಿ ಉಸಿರು ಬಿಟ್ಟಳು. ಬಿಟ್ಟದ್ದು ಕಾಣಿಸಿತು.
ಮತ್ತೆ ಬಿಟ್ಟಳು.
ದಿಮ್ಮಿಯೊಂದಕ್ಕೆ ಕೆನ್ನೆಯಾನಿಸಿ
ಏನೋ ಹೇಳಿದಳು ಅವಳ ಭಾಷೆಯಲ್ಲಿ, ನನಗಲ್ಲ.
ಮೂಗಿನ ತುದಿ ಕೆಂಪು. ಅಳುವೋ, ಚಳಿಯೋ,
ಕೇಳಲಿಲ್ಲ. ನನಗೂ ಅಲ್ಲೊಂದು ಹಳೆಯ ವಾಸನೆ ಸಿಕ್ಕಿತ್ತು,
ರಾತ್ರಿಪಾಳಿ ಮುಗಿಸಿ ಬಂದು, ಹಾಸಿಗೆಯೊಳಗೆ
ತಣ್ಣನೆಯ ಪಾದ ನನ್ನ ಮೀನಖಂಡಕ್ಕೆ ತಾಗಿಸುತ್ತಿದ್ದವನದು.

ಮಾರ್ಚ್ ಹನ್ನೊಂದಕ್ಕೆ ಹೊರಟರು.
ಕೋಟುಗಳಿಗೆ ಬೂಷ್ಟು ಹಿಡಿದಿತ್ತು, ಬಿಸಿಲಿಗೆ ಹಾಕಿ ಕೊಡವಿ ಕೊಟ್ಟೆ.
ಟಿಲ್ಡಾ ಟ್ಯಾಕ್ಸಿಯ ಗಾಜಿಗೆ ಬಾಯಿಟ್ಟು ಊದಿದಳು;
ಈ ಸೆಕೆಗೆ ಗಾಜು ಮಸುಕಾಗಲಿಲ್ಲ.

ಮದುವೆಯ ಫೋಟೊ ಮತ್ತೆ ಮೊಳೆಗೇರಿತು, ಸ್ವಲ್ಪ ವಾಲಿ.
ರಾತ್ರಿ ನನ್ನದೇ ಮಂಚ. ಹಾಸಿಗೆಯಲ್ಲಿ ಬೇರೆಯವರ ತಗ್ಗು,
ದಿಂಬಿನಡಿ ಮರಳು, ಗೆರ್ಹಾರ್ಟ್ ಬಿಚ್ಚಿದ ಫ್ಯಾನು
ತಲೆಯ ಮೇಲೆ ಟಕ್ ಟಕ್.
ನಡುರಾತ್ರಿ ಎದ್ದು, ಬಾಗಿಲು ಸದ್ದಾಗದಂತೆ ತೆಗೆದು,
ಟ್ಯಾಂಕಿನ ಹಿಂದೆ ಹೋಗಿ ಮಲಗಿದೆ.

ಬೆಳಿಗ್ಗೆ ನಾಬೋರ್ ಹುಡುಕಿಕೊಂಡು ಬಂದ.
ಇನ್ನೊಂದು ವಾರ, ಅಂದೆ.